ಅಮೆರಿಕದ ಅಧ್ಯಕ್ಷರನ್ನು ಎತ್ತಿ ಆಡಿಸಿದವಳು

ಕ್ಲೇಟನ್ ಬ್ರೂಸ್ಟರ್ ಅಮೆರಿಕದ ಅಧ್ಯಕ್ಷನಾಗಿ ಗೆದ್ದ ಸುದ್ದಿ ಫಿಲಿಪೀನ್ಸಿನ ಸಾನ್ ಗಾಲೋ ಊರಿಗೆ ಬಂದದ್ದು ಬುಧವಾರ ಮಧ್ಯಾಹ್ನ, ಊಟದ ಹೊತ್ತಿಗೆ. ಅಲ್ಲಿಯವರೆಗೆ ಅವನ ಹೆಸರನ್ನು ನೆಟ್ಟಗೆ ಹೇಳಲು ಬಾರದಿದ್ದವರೆಲ್ಲ ಸಂಜೆಯಾಗುವಷ್ಟರಲ್ಲಿ ಅವನ ವಿದೇಶಾಂಗ ನೀತಿಯನ್ನು ಬಿಡಿಸಿ ಹೇಳತೊಡಗಿದ್ದರು. ಜೀಪ್ನಿ ಎಂಬ ಬಾಡಿಗೆ ಗಾಡಿಗಳ ಸ್ಟ್ಯಾಂಡಿನ ಚಾಲಕರು ಇನ್ನು ಡೀಸೆಲ್ ದರ ಇಳಿಯುತ್ತದೆ ಎಂದರು. ಮೀನು ಮಾರುವವರು ಏರುತ್ತದೆ ಎಂದರು. ಊರಿನ ಅಮೆರಿಕನ್ ನೌಕಾನೆಲೆ ಮುಚ್ಚಿದ ವರ್ಷ ಬೀಗ ಜಡಿದಿದ್ದ ಬಾರೊಂದರ ಮಾಲೀಕ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ, ಅಮೆರಿಕನ್ ಹಡಗುಗಳು ಇನ್ನೇನು ರಸ್ತೆಯ ತಿರುವಿಗೆ ಬಂದೇಬಿಟ್ಟವು ಎಂಬಂತೆ. ಅತ್ತ ಮನಿಲಾದಲ್ಲಿ, ಹಿಂದಿನ ದಿನದವರೆಗೆ ಸೋತವನ ಆಪ್ತರಾಗಿದ್ದ ಸೆನೆಟರುಗಳು ಗೆದ್ದವನ ಜೊತೆ ತೆಗೆಸಿಕೊಂಡ ಹಳೆಯ ಫೋಟೋಗಳನ್ನು ಹುಡುಕಿ ತೆಗೆದರು. ಒಬ್ಬರ ಫೋಟೋದಲ್ಲಿ ಬ್ರೂಸ್ಟರನ ಮೊಣಕೈ ಮಾತ್ರ ಕಾಣುತ್ತಿತ್ತು. ಅದರ ಸುತ್ತ ಕೆಂಪು ಗೆರೆ ಎಳೆದು, 'ಬಹುಕಾಲದ ಸ್ನೇಹ' ಎಂದು ಬರೆದಿದ್ದರು.

ಸ್ಟ್ಯಾಂಡಿನ ಪಕ್ಕ ಗಂಜಿ ಮಾರುವ ಅಲಿಂಗ್ ಸಿದ್ರಾಳಿಗೆ, ಅಂದರೆ ಸಿದ್ರಕ್ಕನಿಗೆ, ಇದ್ಯಾವುದೂ ತಲೆಗೆ ಹೋಗಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಶುಂಠಿ ಹಾಕಿ ಕುದಿಸಿದ ಅಕ್ಕಿ ಗಂಜಿ, ಮೇಲೆ ಹುರಿದ ಬೆಳ್ಳುಳ್ಳಿ, ಬೇಕೆಂದವರಿಗೆ ಬೇಯಿಸಿದ ಮೊಟ್ಟೆ, ಇಷ್ಟೇ ಅವಳ ವ್ಯಾಪಾರ. ಗಂಡ ಮೀನು ಹಿಡಿಯಲು ಪಲಾವಾನ್ ದ್ವೀಪದ ಕಡೆಗೆ ಹೋದವನು ಅಲ್ಲಿ ಬೇರೊಬ್ಬಳ ಬಲೆಗೆ ಬಿದ್ದು ಅಲ್ಲೇ ಉಳಿದ. ಮಗಳು ರೊವೆನಾ ಪುರಸಭೆಯಲ್ಲಿ ಗುಮಾಸ್ತೆ. ಆರು ತಿಂಗಳಿಗೊಮ್ಮೆ ಮೇಯರ್ ಮನಸ್ಸು ಮಾಡಿದರೆ ಮುಂದುವರಿಯುವ, ಮುಖ ಸಿಂಡರಿಸಿದರೆ ನಿಲ್ಲುವ ಕೆಲಸ.

ಎದುರಿನ ಕಿರಾಣಿ ಅಂಗಡಿಯ ಟೀವಿಯಲ್ಲಿ ಬ್ರೂಸ್ಟರ್ ವಿಜಯ ಭಾಷಣ ಮಾಡುತ್ತಿದ್ದ. ಮೆತ್ತಗಿನ ದನಿಯ, ಬೆಳ್ಳಿ ಕೂದಲಿನ ಮನುಷ್ಯ. ಅವನು ಗೆದ್ದದ್ದೇ ಅಳುವಿನಿಂದ ಎಂದು ಬಲ್ಲವರು ಹೇಳುತ್ತಿದ್ದರು. ಊರೂರಿಗೂ ಹೋಗಿ, ಬಡವರ ಕಷ್ಟ ಕೇಳಿ, ವೇದಿಕೆಯ ಮೇಲೆ ಕಣ್ಣೀರು ಹಾಕಿದ್ದನಂತೆ. ಈಗಲೂ ಕಣ್ಣೊರೆಸಿಕೊಂಡು ಹೇಳಿದ: ತನಗೆ ಐದು ವರ್ಷವಿದ್ದಾಗ, ಅಪ್ಪ ನೌಕಾಪಡೆಯಲ್ಲಿದ್ದಾಗ, ಫಿಲಿಪೀನ್ಸಿನ ಸಾನ್ ಗಾಲೋ ಎಂಬ ಪುಟ್ಟ ಊರಿನಲ್ಲಿ ಸಿದಿ ಎಂಬ ಬಡ ಹೆಂಗಸೊಬ್ಬಳು ತನ್ನನ್ನು ಎತ್ತಿ ಆಡಿಸಿದಳು, ಎಂದೂ ಸೋಲೊಪ್ಪಬಾರದೆಂದು ಕಲಿಸಿದವಳು ಅವಳೇ. ಹಾಗೆಂದು ಒಂದು ಕೈಯಿಂದ ಮುಖ ಮುಚ್ಚಿಕೊಂಡ.

ಸಿದ್ರಾಳ ಕೈಯ ಸೌಟು ನಿಂತಿತು.

"ಅಯ್ಯಯ್ಯೋ! ಇವ್ನು ನಮ್ಮ ಕ್ಲೇಕ್ಲೇ ಅಲ್ವೇನ್ರೋ! ನೋಡ್ರೋ, ನೋಡ್ರೋ, ಬೆರಳ ಸಂದಿಯಿಂದ ನೋಡ್ತಿದಾನೆ! ಆಗ್ಲೂ ಹೀಗೇ. ಅಳೋವಾಗ ಯಾರಾದ್ರೂ ನೋಡ್ತಿದಾರಾ ಇಲ್ವಾ ಅಂತ ಬೆರಳು ಬಿಡಿಸಿ ಇಣುಕ್ತಿದ್ದ, ಕಳ್ಳ!"

ಗಂಜಿ ಕುಡಿಯುತ್ತಿದ್ದ ಚಾಲಕರು ನಕ್ಕರು. ಬಿಸಿಲಿಗೆ ಅಜ್ಜಿಗೆ ತಲೆ ತಿರುಗಿದೆ ಎಂದುಕೊಂಡರು. ಆದರೆ ಮಾತು ಮರುದಿನ ಬೆಳಿಗ್ಗೆ ಪುರಸಭೆ ಮುಟ್ಟಿತು. ಮೇಯರ್ ತಿಬೂರ್ಸಿಯೋ ಲಬ್ರಾಡೋರ್ ವಾದ್ಯದವರನ್ನು ಕಟ್ಟಿಕೊಂಡು ಗಂಜಿ ಅಂಗಡಿಗೇ ಬಂದಿಳಿದ.

"ಅಲಿಂಗ್ ಸಿದ್ರಾ, ಇಷ್ಟು ವರ್ಷ ಈ ವಿಷಯ ಬಾಯೇ ಬಿಟ್ಟಿಲ್ವಲ್ಲ ನೀವು!"

"ನೀವು ಯಾವಾಗ ಕೇಳಿದ್ರಿ ಮೇಯರ್ರೇ? ಬಂದಾಗೆಲ್ಲ ಅಂಗಡಿ ಎತ್ತು ಅನ್ನೋಕೇ ಬಂದ್ರಿ. ಆಗ ಹೇಳ್ಬೇಕಿತ್ತಾ?"

ಮೇಯರ್ ಅದನ್ನು ತಮಾಷೆ ಎಂದುಕೊಂಡು ಜೋರಾಗಿ ನಕ್ಕ. ಸುತ್ತಲಿದ್ದವರು ಅವನಿಗಿಂತ ಜೋರಾಗಿ ನಕ್ಕರು. ಆಮೇಲೆ ಅವನು ಸ್ಟೂಲು ಎಳೆದುಕೊಂಡು ಕೂತು ಕೆಲಸದ ಮಾತಿಗೆ ಬಂದ. ದೇಶವಿದೇಶದ ಟೀವಿಯವರು ಬರುತ್ತಾರೆ, ಊರಿಗೆ ಒಳ್ಳೆಯ ಹೆಸರು ಬರಬೇಕು, ಯಾರಿಗೆ ಗೊತ್ತು, ನೌಕಾನೆಲೆಯೇ ಮತ್ತೆ ತೆರೆದರೂ ತೆರೆಯಬಹುದು.

"ಅಧ್ಯಕ್ಷರು ಚಿಕ್ಕವರಿದ್ದಾಗ ಹೇಗಿದ್ರು, ಹೇಳಿ."

"ಕಚ್ತಿದ್ದ."

"ಛೇ ಛೇ. ಕಚ್ತಿದ್ರು ಅನ್ಬೇಡಿ. ಹಲ್ಲು ಗಟ್ಟಿಯಾಗಿತ್ತು ಅನ್ನಿ."

"ಅಳಗುಳಿಮಣೆ ಆಡೋಕೆ ಕೂತ್ರೆ ಕವಡೆ ಬಾಯಲ್ಲಿ ಬಚ್ಚಿಟ್ಕೊಳ್ತಿದ್ದ. ಸೋಲೋ ಹಾಗಾದ್ರೆ ಮಣೆ ಕವುಚಿ ಹಾಕಿ ಅಳೋನು. ಅವರಮ್ಮ ಬಂದು, 'ಅವನೇ ಗೆದ್ದ ಅಂತ ಹೇಳು' ಅಂತ ನನ್ನ ಗದರೋಳು. ಹೇಳ್ತಿದ್ದೆ."

"ಛಲ!" ಎಂದು ಮೇಯರ್ ತೊಡೆ ತಟ್ಟಿದ. "ಹುಟ್ಟು ಛಲಗಾರರು ಅನ್ನಿ. ಆ ಛಲ ಕಲಿಸಿದ್ದು ಈ ಮಣ್ಣು, ಸಾನ್ ಗಾಲೋ ಮಣ್ಣು ಅನ್ನಿ."

ಸಿದ್ರಾ ಮುಖ ತಿರುಗಿಸಿ ಗಂಜಿ ಕಲಕಿದಳು. ಮೇಯರ್ ಹೋದ ಮೇಲೆ ರೊವೆನಾ ಅಮ್ಮನ ಪಕ್ಕ ಬಂದು ನಿಂತಳು.

"ಅಮ್ಮಾ, ಡಿಸೆಂಬರಿಗೆ ನನ್ನ ಕೆಲಸ ಮುಗಿಯತ್ತೆ. ಮುಂದುವರಿಸೋರು ಅವ್ರೇ. ಒಂದು ನಾಲ್ಕು ದಿನ ಅವ್ರು ಹೇಳ್ದಂಗೆ ಹೇಳ್ಬಿಡು. ನಿನಗೇನು ಹೋಗತ್ತೆ?"

ಏನೂ ಹೋಗುವುದಿಲ್ಲ ಎಂದು ಸಿದ್ರಾಳಿಗೂ ಅನಿಸಿತು. ಸುಳ್ಳಿನಲ್ಲಿ ಅಷ್ಟು ರುಚಿ ಇರುತ್ತದೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಮೊದಲು ಬಂದವರು ಮನಿಲಾದ ಟೀವಿಯವರು. ಹೊಸ ಅಧ್ಯಕ್ಷರಿಗೆ ನಮ್ಮ ದೇಶದ ಮೇಲೆ ಪ್ರೀತಿ ಇದೆಯೇ ಎಂಬುದೊಂದೇ ಅವರಿಗೆ ಬೇಕಾಗಿದ್ದದ್ದು. ಇದೆ, ಹುಡುಗ ಕೈಯಲ್ಲೇ ಒಣಮೀನು ಅನ್ನ ಉಣ್ಣುತ್ತಿದ್ದ ಎಂದಳು ಸಿದ್ರಾ. ನಿಜಕ್ಕೂ ಆ ಹುಡುಗ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಮನೆ ತುಂಬ ಓಡುತ್ತಿದ್ದ. ಆಮೇಲೆ ಬಂದ ಜಪಾನಿನವರಿಗೆ, ಹುಡುಗ ದೊಡ್ಡವರನ್ನು ಕಂಡರೆ ತಲೆ ಬಾಗಿಸುತ್ತಿದ್ದ ಎಂದಳು. ಅವರು ಸಂತೋಷದಿಂದ ತಾವೂ ತಲೆ ಬಾಗಿಸಿದರು. ಜರ್ಮನಿಯಿಂದ ಒಬ್ಬ ಉದ್ದನೆಯ ಮನುಷ್ಯ ಬಂದ. ಪ್ರಪಂಚದ ಭಾರವೆಲ್ಲ ಹುಬ್ಬಿನ ಮೇಲೆ. ಅವನು ಬಹಳ ಹೊತ್ತು ಮಾತಾಡಿ, ಕೊನೆಗೆ ಹೊಸ ವರ್ಲ್ಡ್ ಆರ್ಡರ್ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ.

"ಆರ್ಡರಾ? ಆಯ್ತಪ್ಪ. ಮೊಟ್ಟೆ ಹಾಕಿ ಕೊಡ್ಲಾ, ಹಾಕ್ದೇನಾ?" ಎಂದಳು ಸಿದ್ರಾ.

ಅವನು ಅದನ್ನು ಬರೆದುಕೊಂಡ. ಬಡ ದೇಶಗಳ ಮುಂದೆ ಇರುವ ಆಯ್ಕೆಗಳ ಕುರಿತ ಕಟುವಾದ ರೂಪಕ ಎಂದು ಅವರ ಪತ್ರಿಕೆಯಲ್ಲಿ ಬಂತಂತೆ.

ಎರಡು ವಾರದಲ್ಲಿ ಸಿದ್ರಾಳ ತಲೆಗೂದಲು ಕಪ್ಪಾಯಿತು. ಹೂವಿನ ಅಂಚಿನ ಹೊಸ ಉಡುಪು ಬಂತು. ಗಂಜಿ ಕಲಕುವಾಗಲೂ ಕ್ಯಾಮೆರಾ ಯಾವ ಕಡೆ ಇದೆ ನೋಡಿಕೊಂಡು ಮುಖ ತಿರುಗಿಸುವುದನ್ನು ಕಲಿತಳು. ಮೊದಲು 'ಕೆಲಸಕ್ಕಿದ್ದೆ' ಎನ್ನುತ್ತಿದ್ದವಳು 'ಸಾಕಿದೆ' ಎನ್ನತೊಡಗಿದಳು. ಸ್ವಲ್ಪ ದಿನದಲ್ಲೇ 'ನಾನೇ ಅವನಿಗೆ ಎರಡನೇ ತಾಯಿ' ಎಂದಳು. ಪಾದ್ರಿಗಳು ಭಾನುವಾರದ ಉಪದೇಶದಲ್ಲಿ ಅವಳ ಹೆಸರು ತಂದರು. ಅಂಗಡಿ ಎತ್ತು ಎನ್ನುತ್ತಿದ್ದ ಮೇಯರೇ ಊರ ಬಾಗಿಲಿಗೆ ಕಮಾನು ಕಟ್ಟಿಸಿ, ಅದರ ಮೇಲೆ ಮಗುವನ್ನೆತ್ತಿಕೊಂಡ ಸಿದ್ರಾಳ ಚಿತ್ರ ಬರೆಸಿದ. ಚಿತ್ರಗಾರ ಮಗುವಿಗೂ ಬೆಳ್ಳಿ ಕೂದಲು ಹಾಕಿದ್ದ, ಗುರುತು ಸಿಗಲಿ ಎಂದು.

ಕೊನೆಗೆ ಬಂದವರು ಅಮೆರಿಕದವರೇ. ಮೊದಲು ಬಂದದ್ದು ಬ್ರೂಸ್ಟರನನ್ನು ಮೆಚ್ಚುವ ಚಾನೆಲ್ಲು. ಅದರ ವರದಿಗಾರ್ತಿ ಸಿದ್ರಾಳ ಕೈ ಹಿಡಿದುಕೊಂಡು, ಅಳಬೇಕೆನಿಸಿದರೆ ಸಂಕೋಚಪಡಬೇಡಿ ಎಂದಳು. ಅಳು ಬರಲಿಲ್ಲ, ಈರುಳ್ಳಿ ಹೆಚ್ಚುವಾಗ ಇನ್ನೊಮ್ಮೆ ಚಿತ್ರ ತೆಗೆದರು. ಆಮೇಲೆ ಬಂದದ್ದು ಅವನನ್ನು ಕಂಡರಾಗದ ಚಾನೆಲ್ಲು. ಅಂದು ಬೆಳಿಗ್ಗೆಯಷ್ಟೇ ಮೇಯರಿನ ಕಡೆಯವರು ಅವಳ ಹಳೆಯ ಗಂಜಿ ಪಾತ್ರೆ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವುದಿಲ್ಲವೆಂದು ಹೊತ್ತೊಯ್ದು, ಫಳಫಳ ಹೊಳೆಯುವ ತೆಳ್ಳನೆಯ ಪಾತ್ರೆ ಇಟ್ಟು ಹೋಗಿದ್ದರು. ಗಂಜಿ ತಳ ಹತ್ತಿ ಸೀದಿತ್ತು. ಸಿದ್ರಾಳ ತಲೆ ಅದಕ್ಕಿಂತ ಬಿಸಿಯಾಗಿತ್ತು. ಚಾನೆಲ್ಲಿನ ಯುವಕ ಸೀದ ಗಂಜಿಯನ್ನೇ ಮಾತಿಲ್ಲದೆ ಪೂರ್ತಿ ಕುಡಿದು ಕೇಳಿದ:

"ಅಧ್ಯಕ್ಷರು ಚಿಕ್ಕಂದಿನಲ್ಲಿ ಕಚ್ತಿದ್ರಂತೆ, ಹೌದಾ ಅಜ್ಜಿ?"

ಸಿದ್ರಾ ಸೌಟು ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ಕಚ್ಚಿದ್ದು, ಕೆನ್ನೆಯೊಳಗೆ ಕವಡೆ ತುಂಬಿಕೊಂಡದ್ದು, ಬೆರಳ ಸಂದಿ. ಒಂದನ್ನೂ ಬಿಡಲಿಲ್ಲ.

ಅರ್ಧ ಅಮೆರಿಕ ಬಿದ್ದು ಬಿದ್ದು ನಕ್ಕಿತು. ಉಳಿದರ್ಧ ಅಮೆರಿಕ ಹಲ್ಲು ಕಡಿಯಿತು. ವಿಜಯ ಭಾಷಣದ ವಿಡಿಯೋವನ್ನು ನಿಧಾನಕ್ಕೆ ಓಡಿಸಿ ಬೆರಳುಗಳ ನಡುವಿನ ಅಂತರ ಅಳೆದರು. ಪ್ರಾಧ್ಯಾಪಕರೊಬ್ಬರು ಅದು ಸಂಧಿವಾತದಿಂದ ಆದ ಅಂತರ ಎಂದರು, ಇನ್ನೊಬ್ಬರು ಪ್ರಜಾಪ್ರಭುತ್ವದಲ್ಲಿ ಬಿಟ್ಟ ಬಿರುಕು ಎಂದರು. ರೊವೆನಾ ಫೋನಿನಲ್ಲಿ ಬಂದದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದಳು.

"ಒಬ್ಬ ನೀನು ದೇವತೆ ಅಂತಾನೆ. ಒಬ್ಳು, ಈ ಮುದುಕಿಗೆ ಚೀನಾದವ್ರು ದುಡ್ಡು ಕೊಟ್ಟಿದಾರೆ ಅಂತಾಳೆ. ಇನ್ನೊಬ್ಬ, ಇಂಥ ಮುದುಕಿನೇ ಇಲ್ಲ, ಕಂಪ್ಯೂಟರಲ್ಲಿ ಮಾಡಿದ್ದು ಅಂತಾನೆ. ಒಬ್ಬಾಕೆ ಶುಂಠಿ ಎಷ್ಟು ಹಾಕ್ತೀರಿ ಅಂತ ಕೇಳಿದಾಳೆ."

"ಅವಳಿಗೆ ಮಾತ್ರ ಉತ್ತರ ಬರಿ," ಎಂದಳು ಸಿದ್ರಾ.

ಆದರೆ ಉತ್ತರ ಬಂದದ್ದು ಅಮೆರಿಕದಿಂದ. ಬ್ರೂಸ್ಟರನ ವಕ್ತಾರೆ ಪತ್ರಕರ್ತರ ಮುಂದೆ ನಿಂತು, ಭಾಷಣದಲ್ಲಿ ಬಂದ ಸಿದಿ ಯಾವುದೇ ಒಬ್ಬ ವ್ಯಕ್ತಿಯಲ್ಲ, ಚುನಾಯಿತ ಅಧ್ಯಕ್ಷರ ಬಾಲ್ಯವನ್ನು ಸ್ಪರ್ಶಿಸಿದ ಹಲವಾರು ಮಹಿಳೆಯರ ನೆನಪುಗಳ ಸಂಗಮ ಎಂದು ಸ್ಪಷ್ಟಪಡಿಸಿದಳು.

"ಹಾಗಂದ್ರೇನೇ?" ಎಂದು ಸಿದ್ರಾ ಕೇಳಿದಳು.

"ನೀನು ಒಬ್ಳಲ್ಲ ಅಂತಮ್ಮ."

"ಮತ್ತೆ ಎಷ್ಟು ಜನ?"

"ಅದು ಹೇಳಿಲ್ಲ."

ಸಿದ್ರಾ ಸ್ವಲ್ಪ ಹೊತ್ತು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ನಕ್ಕುಬಿಡಬೇಕೆಂದುಕೊಂಡಳು, ಆಗಲಿಲ್ಲ. ಕಾರಿದ ಹಾಲನ್ನು ಒರೆಸಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಸಿಡಿಲಿಗೆ ಹೆದರಿದವನನ್ನು ಮಡಿಲಲ್ಲಿ ಮುಚ್ಚಿಟ್ಟದ್ದು ತಾನೊಬ್ಬಳೇ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು.

ಮೇಯರಿಗೆ ಬೇರೆಯದೇ ಚಿಂತೆ. ಶನಿವಾರ ಸಿದ್ರಾಳ ಸನ್ಮಾನದ ಔತಣ ನಿಗದಿಯಾಗಿತ್ತು, ಸುಡಲು ಹಂದಿಗಳು ಬಂದು ಪುರಸಭೆಯ ಹಿಂದೆ ಕಿರುಚುತ್ತಿದ್ದವು, ಪ್ರಾಂತ್ಯದ ಗವರ್ನರ್ ಬರುತ್ತೇನೆಂದವರು ಹೊಟ್ಟೆನೋವು ಎಂದು ಹೇಳಿ ಕಳಿಸಿದ್ದರು. ಅವನು ಒಂದು ದಿನ ಸಿದ್ರಾಳನ್ನು ಬೈದ. ಮರುದಿನ ಉಪಾಯ ಹೊಳೆಯಿತು. "ಹಲವಾರು ಮಹಿಳೆಯರು ಅಂದ್ರಲ್ವಾ? ಹಲವಾರು ಮಹಿಳೆಯರನ್ನೇ ಕರೆಸೋಣ!" ಹಿಂದೆ ನೌಕಾನೆಲೆಯ ಮನೆಗಳಲ್ಲಿ ಕೆಲಸಕ್ಕಿದ್ದ ಮುದುಕಿಯರೆಲ್ಲ ಬರಬೇಕೆಂದು ಜೀಪ್ನಿಗೆ ಮೈಕು ಕಟ್ಟಿ ಸಾರಿಸಿದ. ಚಿತ್ರಗಾರ ಕಮಾನು ಹತ್ತಿ ಸಿದ್ರಾಳ ಮೂಗು, ಕಣ್ಣು ಅಳಿಸಿ, ಯಾರ ಮುಖವೂ ಅಲ್ಲದ ಒಂದು ಮುಖ ಬರೆದ.

ಶನಿವಾರ ಬ್ಯಾಸ್ಕೆಟ್‌ಬಾಲ್ ಅಂಗಳದ ಚಪ್ಪರದಡಿ ಮುದುಕಿಯರು ತುಂಬಿಹೋದರು. ಕೋಲು ಊರಿಕೊಂಡು ಬಂದವರು, ಮೊಮ್ಮಕ್ಕಳ ಬೈಕಿನ ಹಿಂದೆ ಕೂತು ಬಂದವರು. ಸಿದ್ರಾ ಮೊದಲು ಬರುವುದಿಲ್ಲವೆಂದು ಹಟ ಹಿಡಿದಿದ್ದಳು. ಹಂದಿ ಸುಡುವ ವಾಸನೆ ಅಂಗಡಿಯವರೆಗೆ ಬಂದ ಮೇಲೆ ಎದ್ದು ಬಂದಳು. ಮೇಯರ್ ಎರಡು ದೇಶಗಳ ಬಾಂಧವ್ಯದ ಬಗ್ಗೆ ಮಾತಾಡಿದ. ಯಾರೂ ಕೇಳಲಿಲ್ಲ. ಹಂದಿಯ ಗರಿಗರಿ ಚರ್ಮ ಕಡಿಯುವ ಸದ್ದಿನಲ್ಲಿ ಏನೂ ಕೇಳಿಸುತ್ತಲೂ ಇರಲಿಲ್ಲ.

ಸಿದ್ರಾಳ ಪಕ್ಕ ಕೂತವಳು ಅಲಿಂಗ್ ಬೆಬಾಂಗ್. ಕ್ಯಾಪ್ಟನ್ ಒಬ್ಬನ ಮನೆಗೆಲಸಕ್ಕಿದ್ದವಳು, ಈಗ ಬಾಯಲ್ಲಿ ಹಲ್ಲಿಲ್ಲ.

"ನಮ್ಮ ಮನೇಲಿ ನಾಯಿಗೆ ಹಾಲು, ನನಗೆ ಕರೀ ಕಾಫಿ," ಎಂದಳು ಬೆಬಾಂಗ್. "ಆ ನಾಯಿಗೂ ನನ್ನ ಕಂಡ್ರೆ ಪಾಪ ಅನ್ನಿಸ್ತಿತ್ತು."

"ಮಕ್ಕಳಿದ್ರಾ?"

"ಮೂವರು. ಮೂವರಿಗೂ ನಡೆಯೋಕೆ ಕಲಿಸ್ದೋಳು ನಾನೇ. ಒಬ್ಬನೂ ಅಧ್ಯಕ್ಷ ಆಗ್ಲಿಲ್ಲ. ಒಬ್ಬ ಜೈಲಿಗೆ ಹೋದ ಅಂತ ಕೇಳ್ದೆ."

"ಇನ್ನೂ ಟೈಮಿದೆ ಬಿಡು. ಜೈಲಿಂದ ಆ ಕುರ್ಚಿಗೆ ಏನು ಮಹಾ ದೂರ."

ಇಬ್ಬರೂ ಮೇಜು ಬಡಿದುಕೊಂಡು ನಕ್ಕರು. ಆ ನಗುವಿಗೆ ಉಳಿದವರೂ ಕುರ್ಚಿ ಎಳೆದುಕೊಂಡು ಬಂದರು. ಒಬ್ಬೊಬ್ಬಳೂ ತನ್ನ ತನ್ನ ಮೇಡಮ್ಮನನ್ನು ನಡೆದು ತೋರಿಸಿದಳು, ಮೂಗಿನಲ್ಲಿ ಮಾತಾಡಿ ತೋರಿಸಿದಳು. ಒಂದೇ ಊರಿನಲ್ಲಿ ಅಷ್ಟು ವರ್ಷ ಇದ್ದೂ ಅವರು ಯಾರೂ ಆ ಮಾತುಗಳನ್ನು ಒಬ್ಬರಿಗೊಬ್ಬರು ಆಡಿರಲಿಲ್ಲ. ನೌಕಾನೆಲೆಯಲ್ಲಿ ಕೆಲಸಕ್ಕಿದ್ದೆ ಎಂದರೆ ಜನ ಬೇರೆ ಅರ್ಥ ಹಚ್ಚುತ್ತಾರೆ ಎಂದು ಎಲ್ಲರೂ ಬಾಯಿ ಹೊಲಿದುಕೊಂಡಿದ್ದರು.

"ನಿನ್ನ ಯಾಕೆ ಬಿಡಿಸಿದ್ರು?" ಎಂದು ಬೆಬಾಂಗ್ ಕೇಳಿದಳು.

ಯಾವ ಟೀವಿಯವರೂ ಕೇಳದ ಪ್ರಶ್ನೆ ಅದು. ಸಿದ್ರಾ ಬಾಯೊರೆಸಿಕೊಂಡಳು.

"ಅವನು ಅಪ್ಪನ ಗ್ರಾಮಫೋನು ಬೀಳಿಸಿ ಮುರಿದ. ಅಪ್ಪ ಬಂದಾಗ, ಸಿದಿ ಮುರಿದ್ಲು ಅಂತ ಅತ್ತ. ಸಾಯಂಕಾಲದೊಳಗೆ ನನ್ನ ಗಂಟುಮೂಟೆ ಬಾಗಿಲ ಹೊರಗಿತ್ತು. ಅವನು ಪರದೆ ಹಿಂದೆ ನಿಂತಿದ್ದ. ಅವತ್ತು ಮಾತ್ರ ನಿಜವಾಗ್ಲೂ ಅಳ್ತಿದ್ದ ಕಣೇ, ನನಗೆ ಗೊತ್ತು. ಆದ್ರೆ ಬಾಯಿ ಬಿಡ್ಲಿಲ್ಲ."

"ಶಾಪ ಹಾಕ್ಲಿಲ್ವಾ?"

"ಎಲ್ಲಿ ಶಾಪ! ನಾಳೆ ಬೆಳಿಗ್ಗೆ ಇವನಿಗೆ ತಲೆ ಬಾಚೋರು ಯಾರು ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದೆ. ನನ್ನಂಥ ಹುಚ್ಚಿ ಇನ್ನೊಬ್ಳಿಲ್ಲ."

"ಇದೀವಿ," ಎಂದಳು ಬೆಬಾಂಗ್, ತನ್ನ ತಟ್ಟೆಯ ಮೆತ್ತನೆಯ ಮಾಂಸವನ್ನು ಕಿತ್ತು ಸಿದ್ರಾಳ ತಟ್ಟೆಗೆ ಹಾಕುತ್ತ. "ಹಲವಾರು ಮಹಿಳೆಯರು ಅಂತ ಅವ್ನೇ ಹೇಳಿಲ್ವಾ?"

ಜನವರಿಯಲ್ಲಿ ಬ್ರೂಸ್ಟರ್ ಪ್ರಮಾಣವಚನ ತೆಗೆದುಕೊಂಡ, ಮತ್ತೆ ಕಣ್ಣೀರು ಹಾಕಿದ, ಲೋಕವೆಲ್ಲ ಇನ್ನೊಂದು ಸುತ್ತು ಪ್ರತಿಕ್ರಿಯೆ ಕೊಟ್ಟಿತು. ಯಾವ ಹಡಗೂ ಬರಲಿಲ್ಲ. ಸಿದ್ರಾಳ ತಲೆಗೂದಲು ಬುಡದಿಂದ ಮತ್ತೆ ಬೆಳ್ಳಗಾಯಿತು. ಅವಳು ಬಣ್ಣ ಹಚ್ಚಲು ಹೋಗಲಿಲ್ಲ. ಮುದುಕಿಯರು ಮಾತ್ರ ಔತಣ ಮುಗಿಯಿತೆಂದು ಮನೆಯಲ್ಲಿ ಕೂರಲಿಲ್ಲ. ಪ್ರತಿ ಶನಿವಾರ ಗಂಜಿ ಅಂಗಡಿಯಲ್ಲಿ ಸೇರುತ್ತಾರೆ, ಅಲ್ಲಿಂದ ಗುಂಪಾಗಿ ಪುರಸಭೆಗೆ ಹೋಗಿ, ಎರಡು ದೇಶಗಳ ಬಾಂಧವ್ಯ ಬೆಳೆಸಿದವರಿಗೆ ಔಷಧಿಯ ಖರ್ಚಾದರೂ ಕೊಡಿ ಎಂದು ಮೇಯರಿನ ಬಾಗಿಲು ಬಡಿಯುತ್ತಾರೆ. ಅವರನ್ನು ಸಂಭಾಳಿಸಲು ರೊವೆನಾ ಬಿಟ್ಟರೆ ಪುರಸಭೆಯಲ್ಲಿ ಬೇರೆ ಗತಿಯಿಲ್ಲವೆಂದು ಅವಳ ಕೆಲಸ ಮುಂದುವರಿದಿದೆ. ಮೇಯರ್ ಶನಿವಾರ ಹಿಂಬಾಗಿಲಿನಿಂದ ಓಡಾಡುತ್ತಾನೆ. ಬೆಬಾಂಗ್‌ಗೆ ಅದೂ ಗೊತ್ತಾಗಿ, ಹೋದ ವಾರದಿಂದ ಅಲ್ಲೊಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಾಳೆ.