ಪೇಶವೆ ಕಾಲದ್ದೆನಿಸಿದ ಸೇತುವೆ

ಎಂಬತ್ತಮೂರರ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಪುಣೆಯ ಶಿವಾಜಿನಗರದಿಂದ ನಮ್ಮ ಎಸ್.ಟಿ. ಬಸ್ಸು ಹೊರಡಬೇಕಿತ್ತು, ಹೊರಟದ್ದು ಏಳೂವರೆಗೆ. ಅಲ್ಲಿಂದಲೇ ನನ್ನ ತಲೆ ಕೆಟ್ಟಿತು. ಪಕ್ಕದಲ್ಲಿ ಯಾದಗಿರಿ ಕಡೆಯ ಕಲ್ಲುಕುಟಿಗ ಯಮನಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಕೂತಿದ್ದ.

ಹಡಪಸರದಲ್ಲಿ ನಾನು ಕಟ್ಟಿಸುತ್ತಿದ್ದ ಮನೆಯ ಮುಂಗೋಡೆಗೆ ಕಲ್ಲು ಹೊದಿಸಬೇಕಿತ್ತು. ಆ ಕೆಲಸ ಕೇಳಿಕೊಂಡು ಬಂದವನು ಈತ. “ಇವ ಬರೇ ಜಲ್ಲಿ ಒಡಿಯಾಂವ, ಬ್ಯಾಡ್ರಿ” ಎಂದು ನಮ್ಮ ಇಂಜಿನಿಯರು ತಲೆ ಅಲ್ಲಾಡಿಸಿಬಿಟ್ಟ.

“ಘಟ್ಟದಾಚಿ ರಾಷ್ಟ್ರೀಯ ಉದ್ಯಾನದಾಗ ನಾ ಕಟ್ಟಿದ ಸೇತುವೆ ಅದರಿ, ನೋಡಿ ಆಮ್ಯಾಲೆ ಒಲ್ಲೆ ಅನ್ರಿ. ಈ ಕೆಲಸ ಸಿಗಲಿಲ್ಲಂದ್ರ ಮತ್ತ ಜಲ್ಲಿ ಒಡಿಯೂದ ಗತಿ. ರಟ್ಟ್ಯಾಗ ಶಕ್ತಿ ಉಳದಿಲ್ರಿ” ಎಂದು ಯಮನಪ್ಪ ಬಾಗಿಲು ಬಿಟ್ಟು ಕದಲಲಿಲ್ಲ. ಅದಕ್ಕೇ ಈ ಪ್ರಯಾಣ.

ಘಟ್ಟದಲ್ಲಿ ಲಾರಿಯೊಂದು ಅಡ್ಡ ನಿಂತು ಒಂದು ತಾಸು ಹೋಯಿತು. ತಂಗಳು ವಡಾಪಾವ್ ತಿಂದು ಹೊಟ್ಟೆ ಕೆಟ್ಟಿತು. ಬಸ್ಸಿಳಿದ ಮೇಲೆ ಮೂರು ಮೈಲಿ ಕೆಸರು. “ಇನ್ನೆಷ್ಟು ದೂರ ಮಾರಾಯಾ?” ಅಂದಾಗಲೆಲ್ಲ ಒಂದೇ ಉತ್ತರ: “ಬಂದ್ವಿ, ಬರ್ರಿ.”

ಕೊನೆಗೂ ಹಳ್ಳದ ಮೇಲೆ ಸೇತುವೆ ಕಂಡಿತು. ಒರಟು ಕಲ್ಲು, ತುಂಬ ಪಾಚಿ. ಉದ್ಯಾನದ ಕಾವಲುಗಾರ ಮುಂದೆ ಬಂದು, ಪೇಶವೆ ಕಾಲದ್ದು, ಇನ್ನೂರು ವರ್ಷವಾಯಿತು ಎಂದು ಮರಾಠಿಯಲ್ಲಿ ವರ್ಣಿಸತೊಡಗಿದ.

“ಇದರ ಮನಿ ಹಾಳಾಗ! ಹನ್ನೆರಡು ವರ್ಷದ ಹಿಂದ ನಾ ಕಟ್ಟೇನಿ!” ಎಂದು ಯಮನಪ್ಪ ಹಾರಾಡಿದ.

ನಾನು ಅದನ್ನು ಮರಾಠಿಯಲ್ಲಿ ಹೇಳಿದಾಗ ಕಾವಲುಗಾರ ನಕ್ಕ. ಇಂಥ ಕೆಲಸ ಈಗಿನವರಿಗೆಲ್ಲಿ ಬರಬೇಕು ಅಂದ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನೂ ಕಾವಲುಗಾರನನ್ನೇ ನಂಬಿದೆ. ಇಷ್ಟು ದೂರ ಬಂದು ಮಂಗ ಆದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಯಮನಪ್ಪ ನನ್ನ ಕೈ ಹಿಡಿದು ಕಮಾನಿನ ಕೆಳಗೆ ಎಳೆದೊಯ್ದ. “ಒಳಗ ಕಾಂಕ್ರೀಟ್, ಹೊರಗ ಕಲ್ಲು ಹೊದಿಸೂದ್ರಿ. ನಾವು ಕಲ್ಲು ಕನ್ನಡಿಯಂಗ ನುಣುಪು ಮಾಡಿ ಕೂಡಿಸಿದ್ವಿ. ಉದ್ಯಾನದ ಸಾಹೇಬ ನೋಡಿ ಹಣಿ ಬಡ್ಕೊಂಡ. ಕಾಡಿನಾಗ ತಾನ ಹುಟ್ಟಿದಂಗ ಕಾಣಬೇಕಂತ! ಎಲ್ಲಾ ಮತ್ತ ಕೆತ್ತಿಸಿ ಒರಟು ಮಾಡಿಸಿದ. ಪಾಚಿ ಹಿಡೀಲಿ ಅಂತ ಸಗಣಿ ನೀರು ಬಳಿಸಿದ. ಸಿಟ್ಟಿಗೆ ಇದೊಂದು ಕಲ್ಲು ಹಂಗ ಬಿಟ್ಟೆ.”

ಕಮಾನಿನ ಬುಡದಲ್ಲಿ ಅಂಗೈಯಗಲದ ಒಂದು ಕಲ್ಲು ನುಣುಪಾಗಿತ್ತು. ಹಿಂದೆಯೇ ಬಂದ ಕಾವಲುಗಾರನಿಗೆ ತೋರಿಸಿದೆ. ಅದು ಆಮೇಲೆ ಯಾರೋ ಮಾಡಿದ ರಿಪೇರಿ, ಸೇತುವೆಯ ಅಂದವನ್ನೇ ಕೆಡಿಸಿದೆ ಎಂದು ಗೊಣಗಿ, ಪ್ರವಾಸಿಗಳು ಕೂಗಿದರೆಂದು ಮೇಲೆ ಹೋದ.

ಯಮನಪ್ಪನ ಮುಖ ಕಪ್ಪಿಟ್ಟಿತು. ಚೀಲದಿಂದ ಉಳಿ, ಸುತ್ತಿಗೆ ತೆಗೆದವನೇ ಆ ಕಲ್ಲಿಗೆ ಹೊಡೆಯತೊಡಗಿದ.

“ಏ, ಹುಚ್ಚ ಹಿಡದದೇನು? ಇದ್ದದ್ದೊಂದ ಸಾಕ್ಷಿ!” ಎಂದು ಕೂಗಿದೆ.

“ಸಾಕ್ಷಿ ಹೋಗ್ಲಿ ಬಿಡ್ರಿ. ನನ್ನ ಕೆಲಸ ಸೇತುವಿ ಚೆಂದ ಕೆಡಿಸೇದ ಅಂತಾನ ಅಂವ.”

ಹಳ್ಳದ ಮೊರೆತದಲ್ಲಿ ಏಟಿನ ಸದ್ದು ಮೇಲೆ ಕೇಳಲಿಲ್ಲ; ಹತ್ತು ನಿಮಿಷದೊಳಗೆ ಕಲ್ಲು ಒರಟಾಯಿತು. ಹಳ್ಳದ ಪಾಚಿ, ರಾಡಿ ಕಲೆಸಿ ಮೇಲೆ ಸವರಿದ. ಅಷ್ಟರಲ್ಲಿ ಕಾವಲುಗಾರ ಒಂದು ಸಂಸಾರವನ್ನು ಕರೆದುಕೊಂಡು ಕೆಳಗಿಳಿದ. ರಿಪೇರಿ ಕಲ್ಲು ತೋರಿಸಲೆಂದು ಅವನು ಬುಡದುದ್ದಕ್ಕೂ ಎರಡು ಸಲ ಕೈಯಾಡಿಸಿದ. ಸಿಗಲಿಲ್ಲ. ತಲೆ ಕೆರೆದುಕೊಂಡು, ನೋಡಿ, ಒಂದು ಕಲ್ಲೂ ಬದಲಾಗಿಲ್ಲ ಅಂದ.

ಕಾವಲುಗಾರನನ್ನು ನಂಬಿದ್ದಕ್ಕೆ ನನಗೆ ನಾಚಿಕೆಯಾಯಿತು. “ಯಮನಪ್ಪಾ, ನಾಳೆಯಿಂದಲೇ ಕೆಲಸಕ್ಕೆ ಬಾ” ಅಂದೆ.

“ಬರ್ತೀನ್ರಿ. ಆದ್ರ ಗ್ವಾಡಿ ನುಣುಪು ಬೇಕೋ ಒರಟು ಬೇಕೋ ಈಗ ಹೇಳ್ರಿ. ಕಟ್ಟಿದ ಮ್ಯಾಲೆ ಬಾಯಿ ತೆಗೆದ್ರ ನಾ ಕೇಳಂಗಿಲ್ಲ.”