ಚಕ್ರಕ್ಕೆ ಇಡದ ಕಲ್ಲು

2009ರ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ, ಮುಂಬೈ ಬಳಿಯ ಕಲ್ಯಾಣದಿಂದ ಮಾಳಶೇಜ್ ಘಾಟಿ ಹತ್ತುವ ರಸ್ತೆಯ ತಿರುವೊಂದರಲ್ಲಿ, ನಮ್ಮ ಕಾರಿನ ಹಿಂದಿನ ಚಕ್ರದ ಪಕ್ಕ ನಾನು ಕಲ್ಲು ಹಿಡಿದು ನಿಂತಿದ್ದೆ. ಹೊಸದಾಗಿ ಕಾರು ಕಲಿತಿದ್ದ ಹೆಂಡತಿಯ ಕೈಯಲ್ಲಿ ಇಂಜಿನ್ ಏರಿನ ಮಧ್ಯೆ ನಿಂತುಹೋಗಿತ್ತು. ಒಂದೇ ಮಾರು ಹಿಂದೆ ಹಾಲಿನ ಟ್ಯಾಂಕರ್ ಇತ್ತು.

“ನನ್ನನ್ನು ಇಳಿಸು ಮಾರಾಯ್ತಿ, ನಡೆದೇ ಬರ್ತೇನೆ,” ಎಂದರು ಹಿಂದಿನ ಸೀಟಿನಲ್ಲಿದ್ದ ನನ್ನ ಅಮ್ಮ.

“ಕೂತ್ಕೊಳ್ಳಿ ಅತ್ತೆ. ರೀ, ಕಲ್ಲು ಬೇಡ, ಪಕ್ಕಕ್ಕೆ ಸರೀರಿ!”

ಅವಳು ಇಂಜಿನ್ ಮತ್ತೆ ಚಾಲೂ ಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟಳು. ಕಾರು ನಡುಗಿತು. ಆಮೇಲೆ ಬೆರಳಷ್ಟೂ ಹಿಂದೆ ಜಾರದೆ, ರಸ್ತೆಗೆ ಸಿಡಿಯುತ್ತಿದ್ದ ಜಲಪಾತದ ಹನಿಗಳನ್ನು ಸೀಳಿಕೊಂಡು ಮೇಲೇರಿತು. ಟ್ಯಾಂಕರಿನವನು ಖುಷಿಯಿಂದ ಹಾರ್ನ್ ಹೊಡೆದ. ಕಲ್ಲು ಕೈಯಲ್ಲೇ ಇಟ್ಟುಕೊಂಡು ಏರಿನ ತುದಿಯವರೆಗೆ ನಡೆದವನು ನಾನೊಬ್ಬನೇ.

ಅದನ್ನು ಕಂಡ ಅಮ್ಮ ಇನ್ನೂ ಇದ್ದಾರೆ. ಘಾಟಿ ಬಂತೆಂದರೆ ನನ್ನನ್ನು ಡ್ರೈವರ್ ಸೀಟಿನಿಂದ ಎಬ್ಬಿಸಿ ಸೊಸೆಯನ್ನು ಸ್ಟೀರಿಂಗ್ ಮುಂದೆ ಕೂರಿಸುತ್ತಾರೆ.