ಅಂಗಡಿಯಲ್ಲಿ ಸಿಗದ ಮಾತ್ರೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಮೂಡಿಗೆರೆಯ ಔಷಧಿ ಅಂಗಡಿಯ ನೆನಪು ಮನೆಯವರಿಗೆ ಹೇಳುವಾಗಲೂ ಇದೊಂದನ್ನು ಪಕ್ಕಕ್ಕಿಟ್ಟು ದಾಟಿಬಿಡುತ್ತಿದ್ದೆ. ಈಗ ಕಣ್ಣು ಮಂಜಾಗುತ್ತಿದೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಅಂಗಡಿಯ ಲೈಸೆನ್ಸ್ ಬೇರೆಯವರ ಹೆಸರಿನಲ್ಲಿತ್ತು, ಕೌಂಟರಿನಲ್ಲಿ ನಿಲ್ಲುತ್ತಿದ್ದವನು ನಾನು. ಆ ಕಾಲದಲ್ಲಿ ನಮ್ಮ ಕಡೆ ಡಾಕ್ಟರ ಚೀಟಿಗಿಂತ ಖಾಲಿ ಸ್ಟ್ರಿಪ್ಪೇ ಹೆಚ್ಚು ಓಡಾಡುತ್ತಿತ್ತು. ಗೋಣಿಬೀಡು, ಬಣಕಲ್, ಕಳಸದ ಕಡೆಯ ಬಸ್ಸಿನ ಕಂಡಕ್ಟರುಗಳು ದಾರಿಯ ಮನೆಗಳ ಖಾಲಿ ಸ್ಟ್ರಿಪ್ಪುಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ನಾನು ಅದೇ ಮಾತ್ರೆಯನ್ನು ಹುಡುಕಿ, ಪೇಪರಿನಲ್ಲಿ ಸುತ್ತಿ, ಮೇಲೆ ಮನೆಯ ಗುರುತು ಬರೆದು ಕೊಡುತ್ತಿದ್ದೆ. ಅದೇ ಇಲ್ಲದಿದ್ದರೆ ಅದರಂಥದ್ದು. "ಕಂಪನಿ ಬೇರೆ, ಮಾತ್ರೆ ಅದೇ" ಎನ್ನುವುದು ನನ್ನ ಬಾಯಿಗೆ ಅಭ್ಯಾಸವಾಗಿತ್ತು. ಬಹಳ ಸಲ ಅದು ನಿಜವೇ ಆಗಿರುತ್ತಿತ್ತು.

ನನ್ನ ಅಕ್ಕನ ಮನೆ ಬಣಕಲ್ ಹತ್ತಿರ. ಭಾವ ಎಸ್ಟೇಟಿನಲ್ಲಿ ಮರಕಸಿಯ ಮೇಸ್ತ್ರಿ. ಕಾಫಿ ಗಿಡಕ್ಕೆ ಎಷ್ಟು ಬಿಸಿಲು ಬೇಕೋ ಅಷ್ಟನ್ನು ಬಿಟ್ಟು ಮೇಲಿನ ಮರದ ಕೊಂಬೆ ಕಡಿಸುವುದು ಅವರ ಕೆಲಸ. ಎಲೆ ಅಡಿಕೆ ಹೊಗೆಸೊಪ್ಪು ಬಿಡದ ಬಾಯಿ. ಎರಡು ಸಾವಿರದ ಇಸವಿಯ ಆಚೀಚೆ ಕೆನ್ನೆಯೊಳಗೆ ಎದ್ದ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಮಂಗಳೂರಿನ ಆಸ್ಪತ್ರೆಯವರು, ಇನ್ನು ನೋವು ಕಡಿಮೆ ಮಾಡಬಹುದು ಅಷ್ಟೇ ಎಂದರು. ದಿಂಬಿಗೆ ತಲೆ ಕೊಡಲಾಗದೆ ಭಾವ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು.

ಅಲ್ಲಿನ ಡಾಕ್ಟರಮ್ಮ ಕೊಟ್ಟದ್ದು ಮಾರ್ಫಿನ್. ಹುರುಳಿಕಾಳಿನಷ್ಟು ಇದ್ದೀತೋ ಇಲ್ಲವೋ, ಅಂಥ ಬಿಳಿ ಮಾತ್ರೆ, ನಾಲ್ಕು ಗಂಟೆಗೊಂದು. ಕರೆದುಕೊಂಡು ಬಂದ ಮಾರನೇ ದಿನ ನಾನು ಮನೆಗೆ ಹೋದಾಗ ಭಾವ ಮಲಗಿ ಎದ್ದಿದ್ದರು. ಅಕ್ಕ ಗಂಜಿ ಕೊಟ್ಟಳು. ಎರಡು ಗುಟುಕು ಕುಡಿದು, "ಉಪ್ಪು ಕಮ್ಮಿ" ಅಂದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಎಷ್ಟೋ ವಾರ ನೋವು ಬಿಟ್ಟು ಬೇರೇನೂ ತಿಳಿಯದೆ ಇದ್ದ ಮನುಷ್ಯನಿಗೆ ಉಪ್ಪಿನ ರುಚಿ ತಿಳಿದಿತ್ತು. ಎಷ್ಟೋ ವರ್ಷ ಮಾತ್ರೆಗಳ ನಡುವೆಯೇ ನಿಂತವನು ನಾನು, ಮಾತ್ರೆ ಅಂದರೆ ಏನು ಎಂದು ಅವತ್ತೇ ಮೊದಲ ಸಲ ಕಂಡ ಹಾಗಾಯಿತು.

ಅದಕ್ಕೆ ಕಟ್ಟುಪಾಡು ಬಹಳ. ಎರಡು ವಾರಕ್ಕಾಗುವಷ್ಟೇ ಕೊಡುತ್ತಾರೆ. ಮುಗಿಯುವ ಮೊದಲು ಮನೆಯವರೇ ಕಾರ್ಡು, ಖಾಲಿ ಸ್ಟ್ರಿಪ್ಪು ಹಿಡಿದು ಹೋಗಬೇಕು. ಹೊರಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಚಿನ್ನ ತೂಗಿ ಕೊಟ್ಟಂಗೆ ಕೊಡ್ತಾರಲ್ಲ ಮಾರಾಯ" ಎಂದು ಭಾವ ನಕ್ಕರು. ಆದರೆ ಡಾಕ್ಟರ ಮಾತನ್ನು ಒಂದಿಷ್ಟೂ ಮೀರುತ್ತಿರಲಿಲ್ಲ.

ಮೀರಿಸಿದವನು ನಾನು. ಕಾಫಿ ಕುಯ್ಲಿನ ದಿನಗಳು, ಅಕ್ಕಪಕ್ಕದವರೆಲ್ಲ ತೋಟದಲ್ಲಿ. ಭಾವನನ್ನು ಒಬ್ಬರನ್ನೇ ಬಿಟ್ಟು ಚಾರ್ಮಾಡಿ ಘಾಟಿ ಇಳಿದು ಹತ್ತುವುದು ಹೇಗೆಂದು ಅಕ್ಕ ಅಂಗಳದಲ್ಲಿ ನಿಂತು ಯೋಚಿಸುತ್ತಿದ್ದಳು.

"ನೀನ್ಯಾಕೆ ಹೋಗ್ತಿ? ಒಂದು ಖಾಲಿ ಸ್ಟ್ರಿಪ್ ಕಂಡಕ್ಟ್ರ ಹತ್ರ ಕೊಟ್ಟು ಕಳ್ಸು. ನಾನು ಕಳಿಸ್ತೀನಿ" ಅಂದೆ.

"ಅಂಗಡೀಲಿ ಸಿಗಲ್ಲ ಅಂದಿದಾರೆ ಕಣೋ ಡಾಕ್ಟ್ರಮ್ಮ."

"ಅವ್ರಿಗೆ ಮಂಗಳೂರು ಅಂಗಡಿ ಗೊತ್ತಿರಬೋದು. ನಮ್ಮ ಅಂಗಡಿ ನೋಡಿದಾರಾ?"

ಅಕ್ಕ ನಕ್ಕು ಒಪ್ಪಿದಳು. ಭಾವನಿಗೆ ಹೇಳುವುದು ಬೇಡ, ಅವರು ಬಿಡುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡೆವು.

ಸ್ಟ್ರಿಪ್ಪು ಬಂದ ದಿನ ಚಿಕ್ಕಮಗಳೂರಿನ ಹೋಲ್‌ಸೇಲಿನವರಿಗೆ ಫೋನು ಮಾಡಿದೆ. ಹೆಸರು ಕೇಳುತ್ತಲೇ ಆ ಕಡೆಯವರು ದನಿ ಇಳಿಸಿದರು. "ಅದು ಅಫೀಮಿನ ಜಾತಿ ಮಾರಾಯ. ಇಟ್ಕೊಳ್ಳೋದಕ್ಕೇ ಬೇರೆ ಪರ್ಮಿಟ್ಟು ಬೇಕು. ನಮ್ಮತ್ರ ಅಂತೂ ಇಲ್ಲ. ಸಿಕ್ಕಿಬಿದ್ರೆ ನೀನೂ ಒಳಗೆ, ನಾನೂ ಒಳಗೆ."

ಫೋನು ಇಟ್ಟೆ. ಕಂಡಕ್ಟರ್ ಎದುರಿಗೇ ನಿಂತಿದ್ದ. "ಸಿಗಲಿಲ್ಲ, ನಾಳೆ ಬೆಳಿಗ್ಗೆಯೇ ಮಂಗಳೂರಿಗೆ ಹೋಗು ಅಂತ ಅಕ್ಕಂಗೆ ಹೇಳು" ಎಂದು ಅವನಿಗೆ ಹೇಳಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. ಅಷ್ಟು ಜಂಬ ಕೊಚ್ಚಿದ್ದೆನಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಕೈಗೆ ಸಿಕ್ಕಿದ ಮಾಮೂಲಿ ನೋವಿನ ಮಾತ್ರೆಯನ್ನು, ಅದೂ ಬಿಳಿಯದೇ, ಸುತ್ತಿ ಕೊಟ್ಟೆ. "ಕಂಪನಿ ಬೇರೆ ಅಂತ ಹೇಳು" ಅಂದೆ.

ಕೆಲವು ದಿನ ಬಿಟ್ಟು ಅದೇ ಕಂಡಕ್ಟರ್ ಬಂದು, "ನಿಮ್ಮ ಭಾವಂಗೆ ತೀರಾ ಜಾಸ್ತಿಯಾಗಿದೆಯಂತೆ, ಬರ್ಬೇಕಂತೆ" ಅಂದ. ಹೋಗಿ ನೋಡಿದರೆ ಭಾವ ಮೈ ಒರೆಸುವ ಬೈರಾಸನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದರು. ಮೈಯೆಲ್ಲ ಬೆವರು, ನಡುಕ, ಹೊಟ್ಟೆಯೂ ಕೆಟ್ಟಿತ್ತು. ಅಕ್ಕ ನನ್ನ ಮುಖ ನೋಡಿದಳು. "ಕಾಯಿಲೆ ಮುಂದುವರಿದಿರಬೇಕು" ಅಂದೆ. ಅವಳು ಜೀಪಿಗೆ ಹೇಳಿಕಳಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಇಂಜೆಕ್ಷನ್ ಕೊಟ್ಟರು. ಭಾವನ ದವಡೆ ನಿಧಾನವಾಗಿ ಸಡಿಲವಾಗಿ ಬೈರಾಸು ತಾನಾಗಿ ಜಾರಿತು. ಆಮೇಲೆ ಡಾಕ್ಟರಮ್ಮ ನಮ್ಮ ಕಡೆ ತಿರುಗಿದರು.

"ಎಂತ ಕೊಟ್ಟದ್ದು ಇವರಿಗೆ? ಇದು ಮಾತ್ರೆ ಒಮ್ಮೆಲೇ ನಿಂತದ್ದು. ಅಂಗಡಿಯವರು ಬೇರೆ ಎಂತಾದ್ರೂ ಕೊಟ್ರಾ? ಯಾವ ಅಂಗಡಿ ಹೇಳಿ, ನಾನು ಮೇಲಿನವರಿಗೆ ಬರೀತೇನೆ."

ಅಕ್ಕ ಮುಂದೆ ಬಂದಳು.

"ಅಂಗಡೀದಲ್ಲ ಅಮ್ಮ. ಮನೇಲಿ ಹಳೇ ಮಾತ್ರೆ ಬಿದ್ದಿತ್ತು. ಎರಡೂ ಬೆಳ್ಳಗೆ. ನಾನೇ ಕಲೆಸ್ಕೊಂಡೆ. ನಂಗೆ ಓದಕ್ಕೆ ಬರಲ್ಲ."

ಭಾವ ಕಣ್ಣು ತೆರೆದು ಅವಳನ್ನು ನೋಡಿದರು. "ನೀನಾ?"

"ಹೂಂ" ಅಂದಳು.

ಅಷ್ಟು ಶಾಂತವಾಗಿ ಹೇಳಿದ ಸುಳ್ಳನ್ನು ನಾನು ಇವತ್ತಿಗೂ ಬೇರೆ ಕಡೆ ಕೇಳಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

"ಓದು ಬರುವವರು ನೀವಲ್ವಾ? ಇನ್ನು ನೀವೇ ಬರಬೇಕು" ಎಂದು ಡಾಕ್ಟರಮ್ಮ ನನ್ನನ್ನು ಒಳಗೆ ಕರೆದೊಯ್ದರು. ಗೋಡೆಗೆ ಬಿಗಿದ ಕಬ್ಬಿಣದ ಬೀರು, ಅದಕ್ಕೆ ಎರಡು ಬೀಗ. ಒಂದರ ಕೀ ಅವರ ಹತ್ತಿರ, ಇನ್ನೊಂದು ನರ್ಸಿನ ಹತ್ತಿರ. ಇಬ್ಬರೂ ಸೇರಿ ತೆಗೆದು, ಇಬ್ಬರೂ ಎಣಿಸಿ, ಇಬ್ಬರೂ ಸಹಿ ಹಾಕಿದರು. ಸರ್ಕಾರದಿಂದ ಇದನ್ನು ಇಡುವ ಅನುಮತಿ ಪಡೆಯಲು ಆ ಕಚೇರಿ ಈ ಕಚೇರಿ ಎಂದು ಎಷ್ಟು ಅಲೆದೆನೆಂದು ಅವರು ಹೇಳಿದರು. ದೂರಿದ ಹಾಗಿರಲಿಲ್ಲ.

"ನಿಯಮ ಇರ್ಬೇಕು. ಇಲ್ಲದಿದ್ರೆ ಇದು ಎಲ್ಲೆಲ್ಲಿಗೋ ಹೋಗ್ತದೆ. ಆದ್ರೆ ಹೀಗೆ ಬಿಗಿ ಆದ್ರೆ ನೋವಿನವರ ಬಾಯಿಗೇ ಬರೂದಿಲ್ಲ. ನಾವೆಂತ ಮಾಡೂದು, ಈ ಬೀರುವಿನ ಬಾಗಿಲು ಕಾಯ್ತಾ ಕೂರ್ತೇವೆ."

ಆ ಬೀರುವಿನ ಎದುರು ನಾನು ದೇವರ ಮುಂದೆ ನಿಂತ ಹಾಗೆ ನಿಂತಿದ್ದೆ. ಕಂಡಕ್ಟರನ ಜೇಬಿನಲ್ಲಿ ಊರೂರು ಸುತ್ತುತ್ತಿದ್ದ ನನ್ನ ಮಾತ್ರೆಗಳ ನೆನಪಾಯಿತು. ಒಬ್ಬ ಮನುಷ್ಯನ ನಿದ್ದೆಗಾಗಿ ಇಷ್ಟು ಜನ ಎಚ್ಚರವಾಗಿರುತ್ತಾರೆ ಎಂದು ನನಗೆ ತಿಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಭಾವ ಅಕ್ಕನ ಕೈಯಿಂದ ಮಾತ್ರೆ ತೆಗೆದುಕೊಳ್ಳಲಿಲ್ಲ. ನಾನೇ ಕೊಡಬೇಕು. ಅಂಗಡಿಗೆ ರಜೆ ಹಾಕಿ ಅಲ್ಲೇ ಉಳಿದೆ. ಪ್ರತಿ ಸಲವೂ "ನೋಡ್ಕೊಟ್ಯಾ?" ಎನ್ನುತ್ತಿದ್ದರು. "ನೋಡಿದೆ ಭಾವ" ಎನ್ನುತ್ತಿದ್ದೆ. ಅಕ್ಕ ನೀರಿನ ಲೋಟ ನನ್ನ ಕೈಗೆ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ನೋಡಲು ಬಂದವರಿಗೆ ಭಾವ, "ಇವ್ಳು ಕೊಟ್ಟಿದ್ದೇ ತಿಂತಾ ಇದ್ದಿದ್ರೆ ಸೀದಾ ಮೇಲೆ ಹೋಗ್ತಿದ್ದೆ. ಇವನಿಂದ ಉಳ್ಕೊಂಡೆ" ಎಂದು ತಮಾಷೆ ಮಾಡುತ್ತಿದ್ದರು. ಬಂದವರ ಜೊತೆ ಅಕ್ಕನೂ ನಗುತ್ತಿದ್ದಳು.

ಆ ಸಲ ಕಾಫಿ ಹೂ ಬಿಡುವ ಮೊದಲೇ ಭಾವ ತೀರಿಕೊಂಡರು. ನೋವಿರಲಿಲ್ಲ.

ಅಕ್ಕನಿಗೆ ಹೇಳಲು ನನಗೆ ವರ್ಷಗಳು ಹಿಡಿದವು. ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದಳು. ತಪ್ಪಾಯಿತು ಅಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿಲ್ದೆ ಹೇಳಿದ್ನಾ ನಾನು? ನಿನ್ನ ಕೆಲಸ ಹೋಗ್ತಿತ್ತು, ಅಂಗಡಿನೂ ಮುಚ್ತಿತ್ತು. ನಂದೇನು, ಬಿಡು ಮಾರಾಯ." ಇನ್ನೊಂದು ಹಿಡಿ ಮೆಣಸು ಹರವಿ, "ನಿನ್ನ ಭಾವನ ಹತ್ರ ಒಂದು ಮಾತು ಹೇಳಿದ್ದಿದ್ರೆ ಆಗ್ತಿತ್ತು" ಅಂದಳು.

ಆಗ್ತಿತ್ತು. ಆ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ ನನ್ನ ಮುಂದೆ ಅಂಗೈ ಚಾಚಿ, ಹೆಂಡತಿಯನ್ನು ನಂಬದೆ ನನ್ನನ್ನು ನಂಬಿ, ನಾನು ಕೊಟ್ಟದ್ದನ್ನು ಕಣ್ಣುಮುಚ್ಚಿ ನುಂಗಿದವರು ಅವರು. ಎದುರಿಗೇ ಕೂತಿದ್ದರು, ನಾನು ಕೇಳಲಿಲ್ಲ. ನಾನು ಕ್ಷಮೆ ಕೇಳದೆ ಉಳಿದದ್ದು ನನ್ನ ಭಾವನಲ್ಲಿ.